ಮುಖಕ್ಕೆ ಹಾಕಿದ ಮಂಜು

ನಮ್ಮ ಸೋದರಮಾವ ಈ ಕಥೆ ಹೇಳುವುದು ಹೀಗೆ: "ಒಂದು ಗಾಜಿನ ಚೂರು. ಅದರ ಮೇಲೆ ಬೆರಳ ತುದೀಲಿ ಒಂಚೂರು ವ್ಯಾಸಲೀನ್. ಅಷ್ಟರಲ್ಲಿ ಒಬ್ಬ ಹೆಂಗಸಿನ ಮರ್ಯಾದೆ ಉಳೀತು ನೋಡಿ." ಸಾಗರದ ಅವರ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತವರೆಲ್ಲ ಇದನ್ನು ಕೇಳಿ ತಲೆದೂಗಿದ್ದಾರೆ. ಬಿಗಿದುಕೊಂಡು ಕೂತ ಗಿರಾಕಿಯನ್ನು ಹಗುರ ಮಾಡಲು ಮಾವನಿಗೆ ಇದೊಂದು ಕಥೆ ಸಾಕು.

ನನಗೆ ಒಪ್ಪಿಗೆ ಇಲ್ಲ. ವ್ಯಾಸಲೀನ್ ಇತ್ತು, ಗಾಜೂ ಇತ್ತು, ಮುಖ ಮಸುಕಾದದ್ದೂ ನಿಜ. ಆದರೆ ಅದರಿಂದ ಯಾರ ಮರ್ಯಾದೆಯೂ ಉಳಿಯುತ್ತಿರಲಿಲ್ಲ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು, ಎದುರಿನವರು ಹೇಳಿದ್ದರ ಜೊತೆ ಜಗಳ ಆಡಬೇಡಿ, ಅವರು ಹೇಳದೆಯೇ ಒಪ್ಪಿಕೊಂಡುಬಿಟ್ಟದ್ದು ಯಾವುದು ಎಂದು ಹುಡುಕಿ ಎನ್ನುತ್ತಿದ್ದರು. ಮಾವ ಹೇಳದೆಯೇ ಒಪ್ಪಿಕೊಂಡದ್ದು ಇದು: ಮನುಷ್ಯರ ಗುರುತು ಇರುವುದು ಮುಖದಲ್ಲಿ. ಆ ಬೇಸಿಗೆಯಿಡೀ ನಾನು ಹೆಣಗಿದ್ದು ಈ ಒಂದು ನಂಬಿಕೆಯ ಜೊತೆ.

ಆ ಹೆಂಗಸಿನ ಊರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಜನ ಕರೆಯುತ್ತಿದ್ದ ಹೆಸರನ್ನು ಬದಲಿಸಿದ್ದೇನೆ. ಮುಂದೆ ಅವರ ಕೈಕೆಲಸದ ಗುರುತು ಎಂದು ಒಂದು ವಿವರ ಬರುತ್ತದೆ, ಅದನ್ನೂ ಬದಲಿಸಿದ್ದೇನೆ. ಯಾಕೆಂದು ಓದಿದವರಿಗೆ ತಿಳಿಯುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದು ಮಾವ, ತೊಳೆದು ಪ್ರಿಂಟ್ ಹಾಕುವುದು ನಾನು. ಒಂದು ಬೆಳಿಗ್ಗೆ ಕುಷ್ಠರೋಗದ ಡಾಕ್ಟರು ಜೀಪಿನಲ್ಲಿ ಬಂದು ಇಳಿದರು. ಮೈಸೂರು ಕಡೆಯವರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ರೋಗಿಗಳನ್ನು ಹುಡುಕಿ ಮಾತ್ರೆ ಕೊಡುವುದು ಅವರ ಕೆಲಸ. ಜನ ಆ ರೋಗದ ಹೆಸರನ್ನೂ ಎತ್ತುತ್ತಿರಲಿಲ್ಲ, ದೊಡ್ಡ ಕಾಯಿಲೆ ಎನ್ನುತ್ತಿದ್ದರು. ಮೈಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆ ಕಂಡರೂ ಮುಚ್ಚಿಟ್ಟುಕೊಳ್ಳುತ್ತಿದ್ದರು. ಬೇಗ ಬಂದರೆ ಪೂರ್ತಿ ವಾಸಿಯಾಗುತ್ತದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸಬೇಕು, ಅದಕ್ಕೆ ಪರದೆಯ ಮೇಲೆ ಬಿಡುವ ಸ್ಲೈಡುಗಳು ಬೇಕು ಎಂದು ಡಾಕ್ಟರು ಬಂದಿದ್ದರು.

"ಎರಡು ಸ್ಲೈಡ್ ಸಾಕು," ಅಂದರು. "ಒಂದು ಔಷಧಿಗೆ ಮುಂಚೆ. ನಿಮ್ಮ ಮಾವ ಆಗಲೇ ತೆಗೆದಿಟ್ಟಿದ್ದಾರೆ. ಇನ್ನೊಂದು ಈಗ, ವಾಸಿಯಾದ ಮೇಲೆ. ನೋಡಿದವರಿಗೆ ಎರಡರಲ್ಲೂ ಒಬ್ಬರೇ ಅಂತ ಅನುಮಾನ ಇಲ್ಲದ ಹಾಗೆ ಗೊತ್ತಾಗಬೇಕು. ಆದರೆ ಯಾರು ಅಂತ ಮಾತ್ರ ಗೊತ್ತಾಗಬಾರದು."

"ಡಾಕ್ಟ್ರೇ, ನೀವು ಕೇಳ್ತಾ ಇರೋದು ಎರಡು. ಒಂದು ಬೇಕಂದ್ರೆ ಇನ್ನೊಂದು ಬಿಡಬೇಕಾಗ್ತದೆ," ಅಂದೆ ನಾನು.

ಡಾಕ್ಟರು ಮಾವನ ಮುಖ ನೋಡಿದರು. ಮಾವ ಕೈ ಚೆಲ್ಲಿ, "ಹೇಳಿದ್ನಲ್ಲ, ಇವ್ಳು ನೀರು ಕೇಳಿದ್ರೂ ಎಂತಕ್ಕೆ ಬೇಕು ಅಂತ ಕೇಳಿ ಕೊಡ್ತಾಳೆ," ಅಂದರು.

ಮಾರನೆಯ ದಿನ ಮೂವರೂ ವಾಸಿಯಾದ ಆ ಹೆಂಗಸಿನ ಮನೆಗೆ ಹೋದೆವು. ಜಗಲಿ ದಾಟಿ ಒಳಗೆ ಹೋದರೆ ಎದುರಿಗೇ ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳಲ್ಲಿ ಬರೆದ ಚಿತ್ತಾರ. ಚೌಕದೊಳಗೆ ಚೌಕ, ಅಡ್ಡಡ್ಡ ಹಾಯುವ ಎಳೆಗಳ ಬಲೆ, ನಡುವೆ ಪುಟ್ಟ ಗೊಂಬೆಗಳು. ಈ ಕಡೆ ಮದುವೆ ಮನೆಯೆಂದರೆ ಮದುಮಕ್ಕಳು ಕೂರುವ ಗೋಡೆಗೆ ಚಿತ್ತಾರ ಆಗಲೇಬೇಕು. ಅದನ್ನು ಬರೆಯಲು ಎಲ್ಲರ ಕೈಯಲ್ಲೂ ಆಗುವುದಿಲ್ಲ. ಈ ಮನೆಯ ಹೆಂಗಸನ್ನು ಸುತ್ತಲಿನ ಊರುಗಳವರು ಹುಡುಕಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಚಿತ್ತಾರದಕ್ಕ ಎಂದೇ ಅವರ ಹೆಸರಾಗಿತ್ತು.

ಮಚ್ಚೆ ಇದ್ದದ್ದು ಎಡಗೈಯಲ್ಲಿ, ಮೊಣಕೈಯ ಕೆಳಗೆ. ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೂ ಅವರು ಅಲ್ಲಿಗೆ ಸೆರಗು ಎಳೆದುಕೊಂಡೇ ಮಾತಾಡಿದರು.

"ಡಾಕ್ಟ್ರು ನನ್ನ ಕೈ ಉಳಿಸಿದಾರೆ, ಇಲ್ಲ ಅನ್ನಕಾಗಲ್ಲ. ಫೋಟೋ ತೆಗೀರಿ. ಆದ್ರೆ ನಾನು ಅಂತ ಗೊತ್ತಾಯ್ತೋ, ನಾಳೆಯಿಂದ ಯಾರ್ ಮನೆ ಗೋಡೆ ಮೇಲೆ ನನ್ ಕೈ ಇಡಿಸ್ತಾರೆ ತಂಗಿ? ಬರೆದಿದ್ದನ್ನೂ ಕೆರೆದು ಹಾಕ್ತಾರೆ."

"ವಾಸಿ ಆಗಿದ್ಯಲ್ಲಕ್ಕ. ಯಾರಿಗೂ ಅಂಟಲ್ಲ ಅಂತ ಡಾಕ್ಟ್ರೇ ಹೇಳಿದಾರೆ."

"ನಿಂಗೆ ಹೇಳಿದಾರೆ. ಮದುವೆ ಮನೆಯವ್ರಿಗೆ ಯಾರ್ ಹೇಳ್ತಾರೆ?"

ಮೊದಲಿನ ಫೋಟೋದಲ್ಲಿ ಅವರು ಕೂತಿದ್ದ ಜಾಗದಲ್ಲೇ, ಅದೇ ಗೋಡೆಯ ಮುಂದೆ, ಅದೇ ಭಂಗಿಯಲ್ಲಿ ಡಾಕ್ಟರು ಅವರನ್ನು ಕೂರಿಸಿದರು. ಒಂದೇ ಗೋಡೆ ಕಂಡರೆ ಒಬ್ಬರೇ ಮನುಷ್ಯರು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ, ಮುಖವನ್ನು ಮಾತ್ರ ನೀವು ನೋಡಿಕೊಳ್ಳಿ ಎಂದರು. ಎಷ್ಟು ಚೆನ್ನಾದ ಯೋಚನೆ ಎಂದು ನನಗೂ ಅನ್ನಿಸಿತು.

ಕೆಲಸದ ಕ್ರಮ ಹೀಗೆ. ನೆಗೆಟಿವ್‌ನಿಂದ, ಬೆಳಕು ಹಾಯಿಸಿ ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನಲ್ಲಿ ದೊಡ್ಡ ಪ್ರಿಂಟ್ ಹಾಕಬೇಕು, ಮಸುಕು ಮಾಡುವುದನ್ನೆಲ್ಲ ಅಲ್ಲೇ ಮಾಡಬೇಕು, ಆ ಪ್ರಿಂಟನ್ನು ಮತ್ತೆ ಕ್ಯಾಮೆರಾದಲ್ಲಿ ತೆಗೆದು ಸ್ಲೈಡ್ ಮಾಡಬೇಕು. ಕರೆಂಟಿಗೆ ನೀರು ಕೊಡುವ ಲಿಂಗನಮಕ್ಕಿ ಅಣೆಕಟ್ಟು ನಮ್ಮ ತಾಲ್ಲೂಕಿನಲ್ಲೇ ಇದ್ದರೂ ಸಂಜೆಯಾದರೆ ನಮ್ಮ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ವೋಲ್ಟೇಜ್ ಇಳಿದರೆ ಎನ್‌ಲಾರ್ಜರಿನ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಈ ಕೆಲಸ ಏನಿದ್ದರೂ ಬೆಳಿಗ್ಗೆ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದು.

ಮೊದಲು ಡಾಕ್ಟರು ತಮ್ಮ ಪುಸ್ತಕ ತೋರಿಸಿದರು. ಅದರಲ್ಲಿ ರೋಗಿಗಳ ಕಣ್ಣಿನ ಮೇಲೆ ಕಪ್ಪು ಪಟ್ಟಿ. ಬೇಡವೆಂದೆ. ಕಪ್ಪು ಪಟ್ಟಿ ಕಂಡ ಕೂಡಲೇ ನೋಡುವವರ ಮನಸ್ಸಿಗೆ ಬರುವುದು ಇವರು ಏನೋ ತಪ್ಪು ಮಾಡಿದವರು ಎಂದು. ನಾಚಿಕೆಪಡುವ ಕಾಯಿಲೆಯಲ್ಲ ಎಂದು ಹೇಳಲು ಹೊರಟು, ಕಳ್ಳರಿಗೆ ಹಾಕುವ ಪಟ್ಟಿ ಹಾಕುವುದೇ? ಡಾಕ್ಟರು ಪುಸ್ತಕ ಮುಚ್ಚಿಟ್ಟರು.

ಆಮೇಲೆ ಮಾವನ ವ್ಯಾಸಲೀನ್. ರಟ್ಟಿನಲ್ಲಿ ಮುಖದ ಅಳತೆಗೆ ತೂತು ಕತ್ತರಿಸುವುದು. ಮೊದಲು ಮುಖಕ್ಕೆ ಬೆಳಕು ಬೀಳದಂತೆ ಮರೆ ಹಿಡಿದು ಉಳಿದ ಚಿತ್ರವನ್ನು ಸ್ಪಷ್ಟವಾಗಿ ಬೀಳಿಸುವುದು. ಆಮೇಲೆ ತೂತಿನ ರಟ್ಟು ಹಿಡಿದು, ಲೆನ್ಸಿನ ಕೆಳಗೆ ವ್ಯಾಸಲೀನ್ ಸವರಿದ ಗಾಜು ಆಡಿಸುತ್ತಾ ಮುಖವನ್ನಷ್ಟೇ ಬೀಳಿಸುವುದು. ರಟ್ಟು ಒಂದೇ ಕಡೆ ನಿಂತರೆ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಕಾಣುತ್ತದೆ, ಅದಕ್ಕೇ ಕೈ ಸಣ್ಣಗೆ ನಡುಗುತ್ತಲೇ ಇರಬೇಕು. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಕಾಗದ ಅದ್ದಿದರೆ ಮೊದಲು ಗೋಡೆ ಮೂಡಿತು, ಆಮೇಲೆ ಸೀರೆ, ಕೈ, ಮಚ್ಚೆ. ಮುಖ ಇರಬೇಕಾದಲ್ಲಿ ಬೆಳಗಿನ ಮಂಜು ನಿಂತ ಹಾಗೆ.

"ಮುಗೀತು," ಅಂದರು ಮಾವ.

"ಮುಗೀತು ಅಂತ ಹ್ಯಾಗೆ ಗೊತ್ತು? ಪರೀಕ್ಷೆ ಮಾಡಿಲ್ವಲ್ಲ."

"ಮುಖ ಕಾಣ್ತಿದ್ಯಾ? ಇಲ್ಲ. ಇನ್ನೆಂತ ಪರೀಕ್ಷೆ ಮಾರಾಯ್ತಿ?"

ನಾನು ಮಾವನ ಹಳೆಯ ಫೋಟೋ ಒಂದನ್ನೇ ತೆಗೆದುಕೊಂಡು ಅದೇ ರೀತಿ ಮುಖ ಮಸುಕು ಮಾಡಿ, ಪಕ್ಕದ ಅಂಗಡಿಯ ದರ್ಜಿಯ ಮುಂದೆ ಇಟ್ಟೆ.

"ಇದೆಂತ, ನಿಮ್ ಮಾವನ ಮುಖಕ್ಕೆ ಮೊಸರು ಬಳಿದಿದೀರಿ?"

"ಮಾವ ಅಂತ ಹ್ಯಾಗೆ ಹೇಳಿದ್ರಿ? ಮುಖಾನೇ ಇಲ್ವಲ್ಲ."

"ಮುಖ ಯಾರಿಗೆ ಬೇಕು? ಎಡಗಡೆ ಭುಜ ಇಳಿದಿದೆ ನೋಡಿ. ಅಳತೆ ತಗೊಂಡಾಗ್ಲೆಲ್ಲ ಹೇಳ್ತೀನಿ, ಒಪ್ಪಲ್ಲ."

ಮಾವ ಅವತ್ತು ಮಧ್ಯಾಹ್ನದವರೆಗೆ ಭುಜ ನೆಟ್ಟಗೆ ಮಾಡಿಕೊಂಡು ಓಡಾಡಿದರು.

ನನಗೆ ಕುತೂಹಲ ಹತ್ತಿಕೊಂಡಿತು. ಭಂಗಿಯನ್ನು ಹೇಗೆ ಮರೆಸುವುದು? ನೆಗೆಟಿವ್ ಅನ್ನೇ ತಿರುಗಿಸಿ ಹಾಕಿದರೆ ಎಡ ಬಲವಾಗುತ್ತದೆ. ಸುಲಭದ ಉಪಾಯ ಎಂದುಕೊಂಡು ಚಿತ್ತಾರದಕ್ಕನ ಪ್ರಿಂಟ್ ಹಾಕಿ ಒಣಗಲು ಬಿಟ್ಟಿದ್ದೆ. ಊಟಕ್ಕೆ ಕರೆಯಲು ಬಂದ ಅತ್ತೆ ಅದರ ಮುಂದೆ ಹಾದು ಹೋಗುತ್ತಾ, "ಯಾವೂರಿನವ್ರೇ ಇವ್ರು, ಬಲಗಡೆ ಸೆರಗು ಹಾಕ್ತಾರೆ?" ಅಂದರು. ನಿಲ್ಲಲೂ ಇಲ್ಲ. ಪ್ರಿಂಟನ್ನು ಹರಿದು ಹಾಕಿದೆ.

ಇನ್ನು ಅವರ ಫೋಟೋವನ್ನೇ ಪರೀಕ್ಷಿಸಬೇಕು. ಆದರೆ ಅದೇ ತೊಡಕು. ಗುರುತು ಸಿಗುತ್ತದೋ ಇಲ್ಲವೋ ಎಂದು ತಿಳಿಯಲು ಅವರನ್ನು ಬಲ್ಲವರಿಗೆ ತೋರಿಸಬೇಕು, ತೋರಿಸಿದರೆ ಗುಟ್ಟು ಹೋದಂತೆ. ಕೊನೆಗೆ ವಾಸಿಯಾದ ನಂತರದ ಫೋಟೋದಿಂದ ಕೈಯ ಭಾಗ ಬರದಂತೆ ಕತ್ತರಿಸಿದೆ. ಮಂಜಿನ ಮುಖ, ಒಂದು ಭುಜ, ಹಿಂದಿನ ಗೋಡೆ ಇಷ್ಟೇ ಉಳಿಯಿತು. ಯಾರ ಕೈಗೆ ಸಿಕ್ಕರೂ ಅದರಲ್ಲಿ ರೋಗದ ಸುಳಿವಿಲ್ಲ.

ಆ ವಾರ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮದುವೆ ಫೋಟೋ ಕೆಲಸ ಇತ್ತು. ಮಾವ ಚಪ್ಪರದಲ್ಲಿದ್ದಾಗ ನಾನು ಒಳಗೆ ಹೆಂಗಸರ ನಡುವೆ ಕೂತು ಬೇರೆ ನಾಲ್ಕಾರು ಪ್ರಿಂಟುಗಳ ಜೊತೆ ಅದನ್ನೂ ಹರಡಿದೆ. ಮದುಮಗಳ ಅಜ್ಜಿ ಒಂದೊಂದನ್ನೇ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಈ ಪ್ರಿಂಟು ಕೈಗೆ ಬಂದದ್ದೇ ನಕ್ಕರು.

"ಅಯ್ಯ, ನಮ್ ಚಿತ್ತಾರದಕ್ಕನ ಮುಖ ಎಂತಕ್ಕೆ ಅಳಿಸಿದೀರಿ? ಪಾಪ, ಚಂದದ ಹೆಂಗ್ಸು."

"ಅವ್ರೇ ಅಂತ ಹ್ಯಾಗೆ ಹೇಳ್ತೀರಿ ಅಜ್ಜಿ?"

ಅಜ್ಜಿ ಹಿಂದೆ ತಿರುಗಿ ಬೆರಳು ತೋರಿಸಿದರು. ಮದುಮಕ್ಕಳು ಕೂರಬೇಕಾದ ಗೋಡೆಯ ಮೇಲೆ ಹೊಸ ಚಿತ್ತಾರ. "ಅಲ್ನೋಡು. ಮೊನ್ನೆ ಬಂದು ಬರೆದು ಹೋದ್ರು. ಎಲ್ರೂ ಮೂಲೇಲಿ ಎಳೆ ಕಡಿದು ಮತ್ತೆ ಶುರು ಮಾಡ್ತಾರೆ. ಇವ್ರೊಬ್ರೇ ಕಡೀದೆ ತಿರುಗ್ಸೋದು. ನಿನ್ ಫೋಟೋದಲ್ಲೂ ಹಂಗೇ ಇದೆ."

ಸುತ್ತ ಕೂತವರೂ ಬಗ್ಗಿ ನೋಡಿದರು. "ಹೌದಲ್ದಾ," ಅಂದಳು ಒಬ್ಬಳು. ಅವರಲ್ಲಿ ಯಾರೂ ಮುಖವಿದ್ದ ಜಾಗವನ್ನು ನೋಡಲೇ ಇಲ್ಲ. ಫೋಟೋ ಹಾಳಾಗಿದೆ ಎಂದು ಏನೋ ಹೇಳಿ ಎತ್ತಿಟ್ಟುಕೊಂಡೆ. ಕ್ಯಾಮೆರಾ ಹಿಡಿದು ಒಳಗೆ ಬಂದ ಮಾವ ಮದುಮಕ್ಕಳನ್ನು ಆ ಗೋಡೆಯ ಮುಂದೆ ಕೂರಿಸಿ ದೀಪ ಸರಿಮಾಡುತ್ತಿದ್ದರು. ನಾನು ಎಳೆಗಳನ್ನೇ ನೋಡುತ್ತಿದ್ದೆ. ಮೂಲೆಗೆ ಬಂದ ಎಳೆ ನಿಲ್ಲದೆ, ನದಿ ತಿರುಗಿದ ಹಾಗೆ ತಿರುಗಿಕೊಂಡು ಹೋಗಿತ್ತು. ನಾವು ಬಹಳ ಜಾಗ್ರತೆಯಿಂದ ಮುಖಕ್ಕೆ ಮಂಜು ಹಾಕಿ, ಅವರ ಸಹಿಯನ್ನು ಹಿಂದಿನ ಗೋಡೆಯ ಮೇಲೆ ಸ್ಪಷ್ಟವಾಗಿ ಬಿಟ್ಟಿದ್ದೆವು.

ಈಗ ಇಕ್ಕಟ್ಟು ಹೆಚ್ಚಿತ್ತು. ಮುಖವಿಲ್ಲದ ಚಿತ್ತಾರದಕ್ಕನನ್ನು ಆ ಮನೆಯವರು ನೋಡಿಯಾಗಿತ್ತು. ಅದೇ ಗೋಡೆ ನಾಳೆ ಪರದೆಯ ಮೇಲೆ ಮಚ್ಚೆಯ ಕೈಯ ಜೊತೆ ಬಂದರೆ, ಎರಡನ್ನೂ ಜೋಡಿಸಲು ಅವರಿಗೆ ಒಂದು ಗಳಿಗೆ ಬೇಕಾಗಿರಲಿಲ್ಲ.

ಡಾಕ್ಟರಿಗೆ ಹೇಳಿದೆ. "ಹಾಗಾದರೆ ಗೋಡೇನೂ ಮಸುಕು ಮಾಡಿ," ಅಂದರು. ಮಾಡಿದೆವು. ಕೈಯೊಂದನ್ನು ಬಿಟ್ಟು ಎಲ್ಲವೂ ಮಂಜು. ಒಣಗಿದ ಪ್ರಿಂಟನ್ನು ಡಾಕ್ಟರು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಇದು ಮಚ್ಚೇನೋ, ನಿಮ್ಮ ಹೈಪೋ ಕಲೇನೋ?"

ನಿಜ. ಸುತ್ತ ಎಲ್ಲ ಬೂದು ಬಣ್ಣವಾದ ಮೇಲೆ ಮಚ್ಚೆಯೂ ಹೈಪೋ ದ್ರಾವಣ ಸರಿಯಾಗಿ ತೊಳೆಯದ ಕಾಗದದ ಕಲೆಯ ಹಾಗೆ ಕಾಣುತ್ತಿತ್ತು. ಕೈಯಷ್ಟನ್ನೇ ಕತ್ತರಿಸಿ ದೊಡ್ಡದು ಮಾಡೋಣ, ಮೊಣಕೈ ಹತ್ತಿರ ಒಂದು ಕಪ್ಪು ಚುಕ್ಕೆ ಇದೆ, ಎರಡು ಫೋಟೋದಲ್ಲೂ ಅದು ಕಾಣುತ್ತದೆ, ಒಬ್ಬರೇ ಎನ್ನಲು ಅಷ್ಟು ಸಾಕು ಎಂದು ವಾದಿಸಿದೆ. ಡಾಕ್ಟರು ಒಪ್ಪಲಿಲ್ಲ.

"ಬರೀ ಕೈ ತೋರಿಸಿದರೆ ಜನ ರೋಗ ನೋಡ್ತಾರೆ. ನನಗೆ ಮನುಷ್ಯರು ಬೇಕು. ತಮ್ಮ ಮನೇಲಿ, ತಮ್ಮ ಗೋಡೆ ಮುಂದೆ, ಮನೆಯವರ ಜೊತೆ ಬದುಕ್ತಾ ಇರೋರು. ಇವರನ್ನ ಯಾರೂ ಹೊರಗೆ ಹಾಕಿಲ್ಲ ಅಂತ ಕಾಣಬೇಕಮ್ಮ. ಅದು ಕಾಣದಿದ್ದರೆ ಸ್ಲೈಡ್ ಯಾಕೆ?"

ಇದು ಒಳ್ಳೆಯ ವಾದ ಎಂದು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಡಾಕ್ಟರಿಗೆ ಮನುಷ್ಯರು ಬೇಕು, ಚಿತ್ತಾರದಕ್ಕನಿಗೆ ತಾನು ಕಾಣಬಾರದು, ನನಗೆ ಎರಡೂ ಒಂದೇ ಕಾಗದದ ಮೇಲೆ ಹೇಗೆ ಸಾಧ್ಯ ಎಂದು ತಿಳಿಯಬೇಕು. ಮಾವನೂ ಸೇರಿ ನಾವು ಮೂವರು ಸ್ಟುಡಿಯೋದಲ್ಲಿ ಕೂತು ವಾದಿಸುತ್ತಿದ್ದೆವು, ಕಳೆದುಕೊಳ್ಳುವವರು ಮಾತ್ರ ಅಲ್ಲಿ ಇರಲಿಲ್ಲ. ಅವರನ್ನೇ ಕೇಳೋಣ ಎಂದೆ. ಆ ಕೆಲಸದಲ್ಲಿ ನಾನು ತೆಗೆದುಕೊಂಡ ಸರಿಯಾದ ತೀರ್ಮಾನ ಇದೊಂದೇ ಇರಬೇಕು.

ಎಲ್ಲ ಪ್ರಿಂಟುಗಳನ್ನೂ ತೆಗೆದುಕೊಂಡು ಮಾವನ ಜೊತೆ ಹೋಗಿ ಅವರ ಮುಂದೆ ಹರಡಿದೆ. ಮದುವೆ ಮನೆಯ ಅಜ್ಜಿ ಹೇಳಿದ್ದನ್ನೂ ಹೇಳಿದೆ. ಹೆದರುತ್ತಾರೆ ಎಂದುಕೊಂಡಿದ್ದೆ. ಮೊದಲು ಅವರ ಮುಖದ ಮೇಲೆ ಬಂದದ್ದು ಬೇರೆ.

"ಕಡೀದೆ ತಿರುಗ್ಸೋದು ನಾನೊಬ್ಳೇ ಅಂದ್ರಾ?"

"ಹಂಗೇ ಅಂದ್ರು."

"ಆ ಅಜ್ಜೀಗೆ ಕಣ್ಣಿದೆ." ಗೋಡೆ ಮಸುಕಾದ ಪ್ರಿಂಟನ್ನು ಬೆರಳ ತುದಿಯಲ್ಲಿ ದೂರ ತಳ್ಳಿದರು. "ಇದು ಬ್ಯಾಡ. ಹೊಗೆ ಹಿಡಿದ ಮನೆ ಹಂಗಿದೆ. ಗೋಡೆ ಇರ್ಲಿ, ಅದ್ರ ಮೇಲೆ ನನ್ ಕೈ ಬರೆದಿದ್ದು ಇರ್ಬಾರ್ದು. ಅಷ್ಟೇ ಅಲ್ದಾ?"

ಹಾಗೆ ಹೊರಟಿತು ಆ ಯೋಚನೆ. ಬೇರೆ ಚಿತ್ತಾರ ಬರೆದು, ಅದರ ಫೋಟೋ ತೆಗೆದು, ಡಾರ್ಕ್‌ರೂಮಿನಲ್ಲಿ ಇವರ ಹಿಂದೆ ಸೇರಿಸುವುದು. ಎರಡೂ ಸ್ಲೈಡಿಗೆ ಅದೇ ಹೊಸ ಗೋಡೆ. ಬರೆಯುವವರು ಯಾರು? ಪಕ್ಕದ ಮನೆಯವಳ ಕೈಲಿ ಬರೆಸೋಣ ಅಂದರು ಅವರ ಗಂಡ. ನಾನು ತಡೆದೆ. ಆಕೆಯ ಕೈಯನ್ನು ಗುರುತಿಸುವವರೂ ಇರುತ್ತಾರೆ, ಆಗ ಇಲ್ಲದ ರೋಗ ಆಕೆಯ ಮೇಲೆ ಬೀಳುತ್ತದೆ. ಯಾರ ಕೈಯೂ ಅಲ್ಲದ ಕೈ ಬೇಕು. ಹಾಗಿದ್ದರೆ ನಾನೇ ಬರೆಯುತ್ತೇನೆ ಎಂದು ಕೊಟ್ಟಿಗೆಯ ಗೋಡೆಯ ಮೇಲೆ ಒಂದು ಚೌಕ ಎಳೆದೆ. ನಾರಿನ ಕುಂಚದಿಂದ ಹಿಟ್ಟು ಇಳಿದು ಎಳೆಗಳಿಗೆಲ್ಲ ಬಾಲ ಬಂತು.

ಅವರ ಗಂಡ ಬಾಯಿ ಬಿಟ್ಟು ನಕ್ಕರು. "ಇದು ಚಿತ್ತಾರ ಅಲ್ಲ ಅಮ್ಮ, ಕೋಳಿ ಕೆರೆದಿದ್ದು. ಇದನ್ನ ನೋಡಿದವ್ರು ಇದು ಮನೇನೇ ಅಲ್ಲ ಅಂತಾರೆ."

ಚಿತ್ತಾರದಕ್ಕ ನನ್ನ ಕೈಯಿಂದ ಕುಂಚ ತೆಗೆದುಕೊಂಡು, ಬಲಗೈಯಲ್ಲೇ ಬೇರೆ ರೀತಿ ಬರೆಯಲು ನೋಡಿದರು. ಮೂಲೆಯಲ್ಲಿ ನಿಲ್ಲಿಸಬೇಕು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಎಳೆ ಮೂಲೆ ದಾಟಿ ತಿರುಗಿಬಿಡುತ್ತಿತ್ತು. ಮತ್ತೆ ಒರೆಸಿ ಶುರು ಮಾಡಿದರು. ಮತ್ತೆ ತಿರುಗಿತು. "ನಿಲ್ಲಲ್ಲ ಇದು," ಅಂದರು, ದನಕ್ಕೆ ಹೇಳಿದ ಹಾಗೆ. ಆಮೇಲೆ ಕುಂಚವನ್ನು ಎಡಗೈಗೆ ಬದಲಿಸಿಕೊಂಡರು.

"ರೋಗ ಬಂದಿದ್ದು ಇದಕ್ಕಲ್ದಾ. ಇದೇ ಬರೀಲಿ."

ಎಡಗೈಗೆ ದಾರಿ ಗೊತ್ತಿತ್ತು, ಅಭ್ಯಾಸ ಇರಲಿಲ್ಲ. ಎಳೆ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು, ಆದರೆ ನಡುಗುತ್ತಾ, ದಪ್ಪ ಸಣ್ಣ ಆಗುತ್ತಾ. ಪ್ರತಿ ಮೂಲೆಯಲ್ಲೂ ಕಡಿಯುತ್ತಿತ್ತು. ಚಿತ್ತಾರ ಬಲ್ಲ ಮನೆಯದೇ ಎಂದು ಯಾರಾದರೂ ಹೇಳಬಹುದಿತ್ತು, ಯಾರದೆಂದು ಯಾರೂ ಹೇಳುವಂತಿರಲಿಲ್ಲ. ಮಾವ ಫೋಟೋ ತೆಗೆದು ಕ್ಯಾಮೆರಾ ಮುಚ್ಚುವ ಮೊದಲೇ ಚಿತ್ತಾರದಕ್ಕ ಕೆಮ್ಮಣ್ಣಿನ ಬುಟ್ಟಿ ತಂದು, ಯಾರ ಕಣ್ಣಿಗೂ ಬೀಳದಂತೆ ಗೋಡೆಯನ್ನು ಬಳಿದುಬಿಟ್ಟರು.

ಡಾರ್ಕ್‌ರೂಮಿನ ಕೆಲಸ ಅಲ್ಲಿಂದ ನಿಜವಾಗಿ ಶುರುವಾಯಿತು. ಒಂದು ಹಾಳು ಪ್ರಿಂಟಿನಲ್ಲಿ ಅವರ ಆಕೃತಿಯ ಅಂಚಿಗೇ ಬ್ಲೇಡು ಹಾಕಿ ಕತ್ತರಿಸಿದೆ. ಕೈಗೆ ಎರಡು ಮರೆಗಳು ಬಂದವು. ಒಂದು ಅವರ ಆಕಾರದ ರಟ್ಟು, ಇನ್ನೊಂದು ಅವರ ಆಕಾರದ ತೂತಿರುವ ರಟ್ಟು. ತೂತಿನ ರಟ್ಟು ಇಟ್ಟು ಹಳೆಯ ನೆಗೆಟಿವ್‌ನಿಂದ ಅವರನ್ನು ಬೀಳಿಸುವುದು, ನೆಗೆಟಿವ್ ಬದಲಿಸಿ, ಆಕಾರದ ರಟ್ಟಿನಿಂದ ಅವರನ್ನು ಮುಚ್ಚಿ ಹೊಸ ಗೋಡೆಯನ್ನು ಬೀಳಿಸುವುದು. ಕೂದಲೆಳೆಯಷ್ಟು ಜರುಗಿದರೂ ಸುತ್ತ ಬಿಳಿ ಗೆರೆ.

ಮೊದಲ ಪ್ರಿಂಟನ್ನು ಹೈಪೋ ದ್ರಾವಣದಿಂದ ಎತ್ತಿದ ಮಾವ, "ಕೈ ಮುಗೀಬೇಕಾ ಇವ್ರಿಗೆ? ಪ್ರಭಾವಳಿ ಬಂದಿದೆ," ಅಂದರು.

ಜರುಗಿಸಿದರೆ ಬಿಳಿ ಗೆರೆ ಹೋಗಿ ಕಪ್ಪು ಗೆರೆ ಬಂತು. ಪ್ರಿಂಟ್ ಹಾಕುವ ಬ್ರೋಮೈಡ್ ಕಾಗದ ಮುಗಿಯುತ್ತಾ ಬಂತು. ಅಂಚು ಕರಾರುವಾಕ್ಕಾಗಿ ಹೊಂದಬೇಕು ಎಂದು ನಾನು ಹಟ ಹಿಡಿದಷ್ಟೂ ಗೆರೆ ಎದ್ದು ಕಾಣುತ್ತಿತ್ತು. ರಟ್ಟನ್ನು ಕಾಗದಕ್ಕೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದರೆ ನೆರಳಿನ ಅಂಚೇ ಮೆತ್ತಗಾಗುತ್ತದೆ ಎಂದು ತೋರಿಸಿಕೊಟ್ಟವರು ಮಾವ. ಅವರ ವ್ಯಾಸಲೀನ್ ಗಾಜೂ ಆಗ ಉಪಯೋಗಕ್ಕೆ ಬಂತು. ಮುಖಕ್ಕೆ ಹಾಕಿದ ಹಾಗೇ ಅವರಿಗೂ ಗೋಡೆಗೂ ನಡುವಿನ ಹೊಲಿಗೆಗೆ ಸ್ವಲ್ಪ ಮಂಜು ಹಾಕಿದೆವು. ಗೆರೆ ಕರಗಿತು. ಅವರು ಯಾವಾಗಲೂ ಆ ಗೋಡೆಯ ಮುಂದೆಯೇ ಕೂತಿದ್ದವರ ಹಾಗೆ ಕಂಡರು.

ಪ್ರಿಂಟು ಕೊಡುವಾಗ ಡಾಕ್ಟರನ್ನು ಕೇಳಿದೆ. "ಸುಳ್ಳು ಗೋಡೆ ತೋರ್ಸಿ ನಿಜ ಹೇಳ್ತೀವಾ?"

"ಕೈ ಅವರದ್ದು. ಮಚ್ಚೆ ಅವರದ್ದು. ವಾಸಿಯಾದದ್ದು ನಿಜ. ಗೋಡೇನೂ ಅವರೇ ಬರೆದದ್ದು. ಸುಳ್ಳು ಯಾವುದು ಅಂತ ತೋರಿಸಮ್ಮ, ತೆಗೆದುಬಿಡೋಣ."

ನಾನು ಇನ್ನೂ ಹುಡುಕುತ್ತಿದ್ದೇನೆ.

ಮೊದಲ ಪ್ರದರ್ಶನ ತೀರ್ಥಹಳ್ಳಿಯಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿದ ಒಂದು ಹಾಲಿನಲ್ಲಿ. ಆರಾಮಾಗಿ ಮುಗಿಯಿತು. ಮಂಡಗದ್ದೆ ಕಡೆಯ ಒಬ್ಬ ರೈತರು ಎಲ್ಲರೂ ಹೋಗುವವರೆಗೆ ಕಾದು, ಡಾಕ್ಟರ ಹತ್ತಿರ ಬಂದು ಅಂಗಿಯ ತೋಳು ಮೇಲೆ ಮಾಡಿ ಮಚ್ಚೆ ತೋರಿಸಿದರು. ಮಾವ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಇದರಿಂದ ಏನೂ ಸಾಬೀತಾಗಲಿಲ್ಲ, ತೀರ್ಥಹಳ್ಳಿಯಲ್ಲಿ ಅವರನ್ನು ಬಲ್ಲವರೇ ಇಲ್ಲ, ಪರೀಕ್ಷೆ ಏನಿದ್ದರೂ ಹೊಸನಗರದಲ್ಲಿ ಎಂದೆ.

ಹೊಸನಗರದ ಪ್ರದರ್ಶನಕ್ಕೆ ಚಿತ್ತಾರದಕ್ಕ ತಾವೇ ಬಂದರು. ಬರಬೇಡಿ ಎಂದು ಹೇಳಿ ಕಳಿಸಿದ್ದೆ. "ಬಸ್ಸು ನಿನ್ನದಾ?" ಎಂದು ಕೇಳಿ ಹೆಂಗಸರ ಸಾಲಿನ ನಡುವೆ ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಆ ಮದುವೆ ಮನೆಯ ಅಜ್ಜಿ ಕಂಡರು. ಸೊಸೆಯಂದಿರ ಜೊತೆ ಒಳಗೆ ಬಂದು, ಗುರುತಿನವರು ಸಿಕ್ಕಿದರೆಂದು ನೇರವಾಗಿ ಚಿತ್ತಾರದಕ್ಕನ ಪಕ್ಕದಲ್ಲೇ ಕೂತರು. ನಾನು ಪ್ರೊಜೆಕ್ಟರಿನ ಹತ್ತಿರ ನಿಂತಿದ್ದೆ. ಸ್ಲೈಡ್ ಹಾಕುವುದು ಬಿಟ್ಟು ಪೆಟ್ಟಿಗೆಯನ್ನು ಮತ್ತೆ ಜೋಡಿಸತೊಡಗಿದೆ. ಡಾಕ್ಟರು ಎರಡನೆಯ ಸಲ, "ಹಾಕಮ್ಮ," ಎಂದಾಗ ಹಾಕಿದೆ.

ಪರದೆಯ ಮೇಲೆ ಆಳೆತ್ತರದ ಗೋಡೆ. ಮಂಜಿನ ಮುಖ. ಕೈ, ಕೈಯ ಮೇಲೆ ಮಚ್ಚೆ. ಡಾಕ್ಟರು ಕೋಲಿನಿಂದ ತೋರಿಸುತ್ತಾ ವಿವರಿಸಿದರು. ಎರಡನೆಯ ಸ್ಲೈಡಿನಲ್ಲಿ ಮಚ್ಚೆ ಇರಲಿಲ್ಲ. "ಅದೇ ಹೆಂಗ್ಸು, ಅದೇ ಗೋಡೆ," ಎಂದು ಹಿಂದಿನಿಂದ ಯಾರೋ ಅಂದರು. ಡಾಕ್ಟರು ಬಯಸಿದ ಮಾತು ಅದೇ. ನನ್ನ ಕಣ್ಣು ಅಜ್ಜಿಯ ಮೇಲಿತ್ತು. ಅವರು ಕುತ್ತಿಗೆ ಮುಂದೆ ಚಾಚಿ, ಮುಖವನ್ನು ಬಿಟ್ಟು, ಕೈಯನ್ನೂ ಬಿಟ್ಟು, ಗೋಡೆಯನ್ನು ಮೂಲೆಯಿಂದ ಮೂಲೆಗೆ ಓದುತ್ತಿದ್ದರು. ಓದಿ ಮುಗಿಸಿ ಪಕ್ಕಕ್ಕೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದರು:

"ಕಾಯಿಲೆ ವಾಸಿ ಆಯ್ತು, ಒಳ್ಳೇದಾಯ್ತು. ಆದ್ರೆ ಎಂತ ಚಿತ್ತಾರ ಇದು ಮಾರಾಯ್ತಿ! ಈ ಕೈಯನ್ನ ಯಾರಾದ್ರೂ ಮದುವೆ ಮನೆಗೆ ಕರೀತಾರಾ? ಚಿತ್ತಾರದಕ್ಕ, ನೀವಾದ್ರೂ ಹೋಗಿ ಒಂಚೂರು ಹೇಳಿಕೊಟ್ಟು ಬರ್ಬಾರ್ದಾ?"

ಹೆಂಗಸರ ಸಾಲು ಪೂರ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ, ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದು ಚಿತ್ತಾರದಕ್ಕ. ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಅವರು ಎತ್ತಿದ್ದು ಎಡಗೈ.

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಲು ನಾನೇ ಹೋದೆ. ಕಿಟಕಿಯ ಪಕ್ಕ ಕೂತರು. ಡ್ರೈವರು ಹತ್ತಿ ಇಂಜಿನ್ ಶುರು ಮಾಡಿದ. ಇಡೀ ಬೇಸಿಗೆ ಎಲ್ಲರನ್ನೂ ಪ್ರಶ್ನೆ ಕೇಳಿದ್ದವಳಿಗೆ ಇದೊಂದನ್ನು ಕೇಳದೆ ಇರಲಾಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, ಬಸ್ಸಿನ ಸದ್ದಿನ ನಡುವೆ ಅವರ ಕಿವಿಗೆ ಮಾತ್ರ ಬೀಳುವಂತೆ ಕೇಳಿದೆ:

"ಅಕ್ಕಾ, ಆಗ ಅಷ್ಟು ನಕ್ಕಿದ್ದು ಯಾರು? ಗುರುತು ಸಿಗದೆ ಪಾರಾದವ್ರಾ, ಆ ಸೊಟ್ಟ ಚಿತ್ತಾರ ಬರೆದು ಅನ್ನಿಸಿಕೊಂಡವ್ರಾ?"